ಕೋಡಿ ಬಿತ್ತು ಸರಿ, ದಾರಿ ಎಲ್ಲಿ?

ಚಿತ್ರದುರ್ಗ ಜಿಲ್ಲೆಗೆ ಬರ ಹೊಸದಲ್ಲ. ಬರ ಬಂದರೆ ಏನು ಮಾಡಬೇಕು ಅನ್ನೋದು ಎಲ್ಲರಿಗೂ ಬಾಯಿಪಾಠ: ಗೋಶಾಲೆ, ಟ್ಯಾಂಕರು, ಬೋರ್‌ವೆಲ್ಲು. ಆದರೆ ಮಳೆ ಬಂದರೆ? ಆಗ ಅಧಿಕಾರಿಗಳೂ ಪುಢಾರಿಗಳೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮಳೆ ಬಂದ್ರೆ ಕೇಡಲ್ಲ, ಮಗ ಉಂಡ್ರೆ ಕೇಡಲ್ಲ ಎಂಬ ಗಾದೆ ನಂಬಿ ಕೂತವರಿಗೆ, ದಾರಿ ಮುಚ್ಚಿದ ಮೇಲೆಯೇ ಎಚ್ಚರ.

ವಾಣಿವಿಲಾಸ ಸಾಗರವನ್ನೇ ನೋಡಿ. 1907ರಲ್ಲಿ ಮುಗಿದ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ 130 ಅಡಿ ತುಂಬಿ ಹರಿದದ್ದು 89 ವರ್ಷದ ಮೇಲೆ, 2022ರಲ್ಲಿ. 2025ರ ಜನವರಿಯಲ್ಲಿ ಮತ್ತೊಮ್ಮೆ. ಜನ ಜಾತ್ರೆಗೆ ಹೋದಂತೆ ಹೋಗಿ ನೋಡಿದರು, ಬಾಗಿನವೂ ಆಯಿತು. ಸಂತೋಷವೇ. ಆದರೆ 2022ರಲ್ಲಿ ಅದೇ ಕೋಡಿ ನೀರು ಹಿರಿಯೂರು-ಹೊಸದುರ್ಗ ರಸ್ತೆಗೆ ಅಡ್ಡ ಬಂತು. ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳಲ್ಲಿ ತೋಟಗಳಿಗೆ ನೀರು ನುಗ್ಗಿತು. ಮೂರು ತಲೆಮಾರು ಕೋಡಿ ಬೀಳದೆ, ಬಿದ್ದರೆ ನೀರು ಯಾವ ದಾರಿ ಹಿಡಿಯುತ್ತೆ ಅನ್ನೋದನ್ನೇ ಜಿಲ್ಲೆ ಮರೆತಿತ್ತು.

ಹೆದ್ದಾರಿಯ ಮಾತು ಬಿಡಿ, ಅದು ಹೇಗೋ ನಡೆಯುತ್ತೆ. ಪೇಚಾಟವೆಲ್ಲ ನಾಲ್ಕಾರು ಕಿಲೋಮೀಟರ್ ಒಳಗಿನ ಹಳ್ಳಿಗಳದು. ಹಿರಿಯೂರು ಕಡೆಯ ಎರೆ ಮಣ್ಣು ನೀರು ಕುಡಿದು ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ಅದರ ಮೇಲೆ ಬಳಿದ ತೆಳು ಡಾಂಬರು ಎಷ್ಟು ದಿನ ನಿಂತೀತು? ಮಣ್ಣಿನ ದಾರಿಯಲ್ಲಂತೂ ಟ್ರ್ಯಾಕ್ಟರೇ ಹೂತುಕೊಳ್ಳುತ್ತೆ. ಹೊಳಲ್ಕೆರೆ, ಹೊಸದುರ್ಗದ ಗುಡ್ಡದ ಬದಿಯಲ್ಲಿ ಬೇರೆ ಕಥೆ. ಮೇಲೆಲ್ಲೋ ಮಳೆ ಹೊಡೆದರೆ ಇಲ್ಲಿ ಬಿಸಿಲಿದ್ದರೂ ಹಳ್ಳ ಬರುತ್ತೆ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರಾಗುವ ಹೊತ್ತು. ಈರುಳ್ಳಿ ಕೀಳುವ ಹೊತ್ತೂ ಅದೇ. ನಾಲ್ಕು ದಿನ ಲಾರಿ ಬಾರದಿದ್ದರೆ ಬೆಳೆದವನ ವರ್ಷದ ದುಡಿಮೆ ಹೊಲದಲ್ಲೇ ಕೊಳೆಯುತ್ತೆ. ಹೆರಿಗೆ ನೋವು ಬಂದವಳ ಗತಿಯನ್ನು ಹೇಳುವುದೇ ಬೇಡ.

ದಾರಿ ಮುಚ್ಚುವುದೆಂದರೆ ಇಲ್ಲಿ ಒಂದು ಜಾಲಿ ಮುಳ್ಳು, ನಾಲ್ಕು ಕಲ್ಲು. "ಅಷ್ಟೇನಿಲ್ಲ ಬಿಡಣ್ಣ, ದಾಟಬಹುದು" ಎಂದು ಯಾರೋ ಮುಳ್ಳು ಸರಿಸುತ್ತಾನೆ. ರಭಸದ ನೀರು ಅರ್ಧ ಅಡಿ ಇದ್ದರೂ ನಡೆಯುವವನನ್ನು ಕೆಡವಬಲ್ಲದು. ಒಂದು ಅಡಿಗೆ ಸಣ್ಣ ಕಾರು ತೇಲುತ್ತೆ. ಎರಡು ಅಡಿಗೆ ಜೀಪೂ ಕೊಚ್ಚಿ ಹೋಗುತ್ತೆ. ಕೆಂಪು ನೀರಿನಡಿ ರಸ್ತೆ ಇದೆಯೋ, ಕೊರೆದು ಹೋಗಿದೆಯೋ, ಯಾರು ಕಂಡರು?

ಆಸ್ಟ್ರೇಲಿಯಾದ ಒಳನಾಡಿನಲ್ಲಿ ಬರ್ಡ್ಸ್‌ವಿಲ್ ಟ್ರ್ಯಾಕ್ ಎಂಬ 500 ಕಿಲೋಮೀಟರಿಗೂ ಉದ್ದದ ಕಚ್ಚಾ ದಾರಿಯಿದೆ. ಅದೂ ನಮ್ಮಂಥದೇ ಒಣನಾಡು. ಮಳೆ ಬಂದರೆ ಅಂಥ ದಾರಿಗಳ ಬಾಯಲ್ಲೇ 'ಮುಚ್ಚಿದೆ' ಎಂಬ ಬೋರ್ಡು. ಮೀರಿ ನುಗ್ಗಿದವನಿಗೆ ದಂಡ. ಮಳೆ ನಿಂತ ಕೂಡಲೇ ದಾರಿ ತೆರೆಯುವುದಿಲ್ಲ, ಕೆಸರು ಒಣಗಬೇಕು. ಹಸಿ ದಾರಿಯಲ್ಲಿ ಒಂದು ಗಾಡಿ ನುಗ್ಗಿ ಜಾಡು ಕೊರೆದರೆ ಆಮೇಲೆ ಬರುವ ನೂರು ಗಾಡಿಗೆ ತೊಂದರೆ.

ಇಲ್ಲಿ ಅದು ಆಗದ ಕೆಲಸವೇ? ನೀರು ಹರಿಯುವ ಪ್ರತಿ ತಗ್ಗು ಸೇತುವೆಗೆ ಅಡಿ ಗುರುತು ಬರೆದ ಒಂದು ಕಂಬ. ಬೀಗ ಹಾಕುವ ಒಂದು ಅಡ್ಡಗಂಬ, ಅದರ ಕೀ ಯಾರ ಕೈಲಿ ಅನ್ನೋದು ಊರಿಗೆಲ್ಲ ಗೊತ್ತಿರಲಿ. ಬೋರ್ಡು ನೀರಿನ ಅಂಚಿನಲ್ಲಲ್ಲ, ಗಾಡಿ ಇನ್ನೂ ತಿರುಗಿಸಿಕೊಳ್ಳಬಹುದಾದ ಕೂಡುರಸ್ತೆಯಲ್ಲಿ ಇರಲಿ; ಸುತ್ತು ದಾರಿಯನ್ನೂ ಅದರಲ್ಲೇ ಬರೆಯಲಿ. ದಿನ ತುಂಬಿದ ಬಸುರಿಯರನ್ನು ಹಳ್ಳ ಬರುವ ಮೊದಲೇ ತಾಲ್ಲೂಕು ಆಸ್ಪತ್ರೆಗೆ ಸೇರಿಸಲಿ. ಪಡಿತರ ಮೊದಲೇ ಮುಟ್ಟಲಿ.

ಅಧಿಕಾರವಿಲ್ಲ ಎನ್ನುವ ಹಾಗಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಬರಕ್ಕೆ ವರ್ಷ ವರ್ಷ ಸಭೆ ಸೇರುವವರು ಮಳೆಗೂ ಒಂದು ಸಭೆ ಸೇರಲಿ. ಆಗಸ್ಟ್ ಮುಗಿಯುವುದರೊಳಗೆ ಸೇರಲಿ.