ನಷ್ಟದ ವರ್ಷಗಳಿಗೂ ಜಾಗವಿರಲಿ

ಟೊಮೆಟೊ ಬೆಳೆದರೆ ಕೈತುಂಬ ದುಡ್ಡು ಎಂದು ಯಾರಾದರೂ ಹೇಳಿದರೆ ನಮ್ಮ ಕಡೆಯ ಹೆಂಗಸರು ಮೊದಲು ಕೇಳುವುದು, "ಯಾವ ವರ್ಷದ ಮಾತು?" ಎಂದು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದ್ದು ನಿಜ. 2021ರ ಮೇ ತಿಂಗಳ ಲಾಕ್‌ಡೌನಿನಲ್ಲಿ ಅದೇ ಟೊಮೆಟೊವನ್ನು ಕೇಳುವವರಿಲ್ಲದೆ ರಸ್ತೆಬದಿಗೆ ಸುರಿದದ್ದೂ ಅಷ್ಟೇ ನಿಜ. ಶ್ರೀನಿವಾಸಪುರದ ಮಾವಿನ ಬೆಳೆಗಾರರನ್ನು ಕೇಳಿ. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ಕುಸಿದು ಬಂದ್ ಮಾಡಬೇಕಾಗಿ ಬಂದದ್ದನ್ನು ಅವರು ಮರೆತಿಲ್ಲ. ಇಂಥ ವರ್ಷಗಳನ್ನೆಲ್ಲ ಲೆಕ್ಕದಿಂದ ತೆಗೆದುಬಿಟ್ಟರೆ ಟೊಮೆಟೊ, ಮಾವು ಎರಡೂ ಬಂಗಾರದ ಬೆಳೆಗಳೇ!

ಮಾಲೂರಿನಲ್ಲಿರುವ ನನ್ನ ತಂಗಿಯ ಮಗ ಷೇರುಗಳ ವಿಷಯದಲ್ಲಿ ಮಾಡಿದ್ದು ಇದನ್ನೇ. ಷೇರನ್ನು ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂದು ಒಂದು ನಿಯಮ ಮಾಡಿಕೊಂಡು, ಅದನ್ನು ಹಿಂದಿನ ವರ್ಷಗಳ ಬೆಲೆಗಳ ಮೇಲೆ ಕಂಪ್ಯೂಟರಿನಲ್ಲಿ ಓಡಿಸಿ ನೋಡುತ್ತಾರೆ. ಬ್ಯಾಕ್‌ಟೆಸ್ಟಿಂಗ್ ಎಂದರೆ ಇಷ್ಟೇ. ಅವನ ನಿಯಮ ಭರ್ಜರಿ ಲಾಭ ತೋರಿಸಿತ್ತು. ಅದನ್ನು ನಂಬಿ ಫ್ಯೂಚರ್ಸ್ ವಹಿವಾಟಿಗೆ ಇಳಿಯಲು ತಾಯಿಯ ಬಳೆಗಳನ್ನು ಅಡವಿಡುವ ಮಾತು ನಡೆದಿತ್ತು.

"ಎಲ್ಲಿಂದ ಎಲ್ಲಿಯವರೆಗಿನ ಬೆಲೆ ಹಾಕಿದ್ದೀಯಪ್ಪಾ?" ಎಂದೆ.

"2020ರ ಏಪ್ರಿಲ್‌ನಿಂದ, ದೊಡ್ಡಮ್ಮಾ. ಅದಕ್ಕಿಂತ ಹಿಂದಕ್ಕೆ ಹೋದರೆ ಮೆಮೊರಿ ಸಾಲದೆ ಕಂಪ್ಯೂಟರ್ ನಿಂತುಬಿಡುತ್ತದೆ."

ಮುಳಬಾಗಿಲಿನ ಸಹಕಾರ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವಳು ನಾನು. ಪುಸ್ತಕದಲ್ಲಿ ಜಾಗವಿಲ್ಲವೆಂದು ಬಾಕಿದಾರರ ಪುಟ ಹರಿದದ್ದನ್ನು ಕಂಡಿರಲಿಲ್ಲ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗಿಳಿಯಿತು. 2020ರ ಮಾರ್ಚ್ 23ರಂದು ಒಂದೇ ದಿನದಲ್ಲಿ ನೂರಕ್ಕೆ ಸುಮಾರು 13ರಷ್ಟು ಬಿತ್ತು. ಇವೆರಡನ್ನೂ ಬಿಟ್ಟು, ಬಿದ್ದದ್ದು ಏಳತೊಡಗಿದ ಏಪ್ರಿಲ್‌ನಿಂದ ಶುರು ಮಾಡಿದರೆ ಯಾವ ಮಂಕು ನಿಯಮವೂ ಜಾಣನಂತೆ ಕಾಣುತ್ತದೆ.

ಮೆಮೊರಿ ಸಾಲದು ಎಂಬುದು ಸುಳ್ಳಲ್ಲ. ಮಾರುಕಟ್ಟೆ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ ನಡೆಯುತ್ತದೆ, ಅಂದರೆ 375 ನಿಮಿಷ. ನಿಮಿಷಕ್ಕೊಂದು ಸಾಲು, ವರ್ಷಕ್ಕೆ ಸುಮಾರು 250 ದಿನ, 50 ಷೇರು, 15 ವರ್ಷ ಎಂದು ಗುಣಿಸಿ. ಸುಮಾರು 7 ಕೋಟಿ ಸಾಲುಗಳಾಗುತ್ತವೆ. ಒಂದು ಸಾಲಿಗೆ ಆರು ಸಂಖ್ಯೆ, ಒಂದು ಸಂಖ್ಯೆಗೆ 8 ಬೈಟ್ ಎಂದರೆ ಮೂರು ಜಿ.ಬಿ. ಮೀರುತ್ತದೆ. ಲೆಕ್ಕದ ನಡುವೆ ಪ್ರೋಗ್ರಾಮು ಇದರದೇ ಎರಡು ಮೂರು ನಕಲು ಮಾಡಿಕೊಂಡರೆ 8 ಜಿ.ಬಿ. ಕಂಪ್ಯೂಟರಿಗೆ ಉಸಿರು ಕಟ್ಟದೆ ಇನ್ನೇನು?

ಆದರೆ ಜಾಗ ಸಾಲದ ಮನೆಯನ್ನು ನಡೆಸುವುದು ನಮಗೆ ಹೊಸದೇ? ಉಗ್ರಾಣದಲ್ಲಿರುವ ಅಕ್ಕಿಯನ್ನೆಲ್ಲ ಒಲೆಯ ಪಕ್ಕ ತಂದು ಸುರಿದುಕೊಳ್ಳುತ್ತೇವೆಯೇ? ಒಂದು ಹೊತ್ತಿಗೆ ಬೇಕಾದಷ್ಟು ಅಳೆದು ತರುತ್ತೇವೆ. ಹಾಗೆಯೇ ಒಂದು ಸಲಕ್ಕೆ ಒಂದೇ ಷೇರಿನ ಬೆಲೆಗಳನ್ನು ತಂದುಕೊಂಡರೆ ಹದಿನೈದು ವರ್ಷದ್ದೂ 70 ಎಂ.ಬಿ.ಯೊಳಗೆ ಮುಗಿಯುತ್ತದೆ. ಷೇರುಗಳನ್ನು ಒಂದಕ್ಕೊಂದು ಹೋಲಿಸಬೇಕಾದರೆ ಐವತ್ತನ್ನೂ ತಿಂಗಳು ತಿಂಗಳಾಗಿ ತರಬಹುದು. ಇಪ್ಪತ್ತು ದಿನದ ಸರಾಸರಿಗೆ ಇಪ್ಪತ್ತೇ ದಿನಗಳ ಬೆಲೆ ಸಾಕು; ಹೊಸದನ್ನು ಕೂಡಿಸಿ, ಎಲ್ಲಕ್ಕಿಂತ ಹಳೆಯದನ್ನು ಕಳೆದರಾಯಿತು. ಷೇರಿನ ಬೆಲೆಗೆ 4 ಬೈಟ್ ಧಾರಾಳ. ಕೂಡುತ್ತಾ ಹೋಗುವ ಮೊತ್ತಕ್ಕೆ ಮಾತ್ರ 8 ಇರಲಿ. ಆದ ವ್ಯಾಪಾರಗಳನ್ನು ತಲೆಯಲ್ಲಿ ಹೊತ್ತು ತಿರುಗದೆ ಆಗಿಂದಾಗಲೇ ಡಿಸ್ಕಿಗೆ ಬರೆದುಬಿಡಬೇಕು. ಇಷ್ಟೆಲ್ಲ ಉಳಿತಾಯಕ್ಕೆ ದಾರಿಯಿರುವಾಗ ಕತ್ತರಿ ನಷ್ಟದ ವರ್ಷಗಳ ಮೇಲೇ ಏಕೆ ಬೀಳಬೇಕು?

"ಹೊಸ ಮೆಮೊರಿ ಹಾಕಿಸಿದರೆ ಮುಗಿಯಿತು" ಎನ್ನುವವರಿದ್ದಾರೆ. ದುಂದುಗಾತಿಗೆ ಎಷ್ಟು ದೊಡ್ಡ ಉಗ್ರಾಣ ಕಟ್ಟಿಸಿಕೊಟ್ಟರೂ ಸಾಲದು. "ಹಳೆಯ ಕಾಲ ಬೇರೆ, ಈಗಿನ ಮಾರುಕಟ್ಟೆ ಬೇರೆ" ಎನ್ನುವವರೂ ಇದ್ದಾರೆ. ಬೇರೆ ಇರಬಹುದು, ಬೀಳುವ ಗುಣ ಮಾತ್ರ ಬಿಟ್ಟುಹೋಗಿಲ್ಲ.

ಇನ್ನೊಂದು ಮರೆವೂ ಉಂಟು. ಇವರು ಪರೀಕ್ಷೆಗೆ ಹಾಕುವುದು ಇವತ್ತು ನಿಫ್ಟಿ ಪಟ್ಟಿಯಲ್ಲಿರುವ ಐವತ್ತು ಕಂಪನಿಗಳನ್ನು, ಅಂದರೆ ಗೆದ್ದು ಉಳಿದವರನ್ನು. ವಂಚನೆ ಹೊರಬಿದ್ದ ಸತ್ಯಂ 2009ರ ಜನವರಿಯಲ್ಲಿ, ಬಿಕ್ಕಟ್ಟಿಗೆ ಸಿಕ್ಕಿದ ಯೆಸ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಆ ಪಟ್ಟಿಯಿಂದ ಹೊರಬಿದ್ದವು. ಅವುಗಳಲ್ಲಿ ಹಣ ಹಾಕಿದ್ದವರ ನಷ್ಟ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಪರೀಕ್ಷೆಯಲ್ಲಿ ಫೇಲಾದವರ ಹೆಸರನ್ನು ಹೊಡೆದುಹಾಕಿ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಎಂದ ಹಾಗೆ!

ಇದೆಲ್ಲ ಗಂಡುಹುಡುಗರ ಕಂಪ್ಯೂಟರ್ ಆಟ, ನಮಗೇಕೆ ಎನ್ನಬೇಡಿ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರತಂದ ಅಧ್ಯಯನದ ಪ್ರಕಾರ, 2021–22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡವರು. ಕಳೆದದ್ದು ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅದರಲ್ಲಿ ಎಷ್ಟು ತಾಯಂದಿರ ಬಳೆ, ಸರ ಕರಗಿಹೋದವೋ, ಅದನ್ನು ಬರೆದಿಟ್ಟವರಿಲ್ಲ.

ಹುಡುಗ ಮುನಿಸಿಕೊಂಡರೂ ನಾನು ಹೇಳಿದಂತೆ ಒಂದೊಂದೇ ಷೇರು ತಂದು ಹದಿನೈದೂ ವರ್ಷ ಓಡಿಸಿದ. ಕಂಪ್ಯೂಟರ್ ನಿಲ್ಲಲಿಲ್ಲ. ನಿಂತದ್ದು ಬಳೆ ಅಡವಿಡುವ ಮಾತು. ಪೂರ್ತಿ ಲೆಕ್ಕ ಹಾಕಿದವರಿಗೆಲ್ಲ ಲಾಭ ಬಂದೇ ಬರುತ್ತದೆ ಎಂದು ನಾನು ಹೇಳಲಾರೆ. ಅರ್ಧ ಲೆಕ್ಕವನ್ನು ನಂಬಿ ಮನೆಯ ಚಿನ್ನ ಕೊಡಬೇಡಿ ಎಂದಷ್ಟೇ ಹೇಳುತ್ತೇನೆ. ನಿಮ್ಮ ಮಗನೋ ಅಳಿಯನೋ ಇಂಥ ಲಾಭದ ಗೆರೆ ತೋರಿಸಿದ ದಿನ ಎರಡೇ ಮಾತು ಕೇಳಿ: ಇದು ಯಾವ ವರ್ಷದಿಂದ ಶುರುವಾಗಿದೆ? ಮುಳುಗಿದ ಕಂಪನಿಗಳೂ ಇದರಲ್ಲಿವೆಯೇ? ಉತ್ತರ ಸಿಗುವ ತನಕ ಬೀರುವಿನ ಬೀಗದ ಕೈ ನಿಮ್ಮ ಸೊಂಟದಲ್ಲೇ ಇರಲಿ.