ಮೂರನೇ ಮರದ ಗುಡ್ಡೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಳಲ್ಲಿ ಓಡಾಡಿದವರಿಗೆ ತೆಂಗಿನ ಸಾಲಿನಲ್ಲಿ ಮರದಿಂದ ಮರಕ್ಕೆ ಸುಮಾರು 30 ಅಡಿ ಎಂಬುದು ಕಾಲಿಗೇ ಗೊತ್ತಿರುತ್ತದೆ. ಪ್ರಥಮ ಪಿಯುಸಿ ಗಣಿತದಲ್ಲಿ ‘ಮಾಡ್ಯುಲಸ್ ಫಂಕ್ಷನ್’ ಎಂಬ ಹೆಸರಿನಲ್ಲಿ ಎದುರಾಗುವ ನಿರಪೇಕ್ಷ ಮೌಲ್ಯವನ್ನು, ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳಿಗೆ, ಆ ಸಾಲಿನಲ್ಲೇ ನಿಂತು ಹೇಳಿಕೊಡಬೇಕು ಎಂಬುದು ನನ್ನ ಹಂಬಲ.

ಸಾಲಿನ ನಡುವಿನ ಒಂದು ಮರಕ್ಕೆ ಸೊನ್ನೆ ಎನ್ನೋಣ. ಪೂರ್ವಕ್ಕೆ 1, 2, 3. ಪಶ್ಚಿಮಕ್ಕೆ −1, −2, −3. ಕೆಡವಿದ ಕಾಯಿಯನ್ನೆಲ್ಲ ಸೊನ್ನೆ ಮರದ ಬುಡದಲ್ಲಿ ಗುಡ್ಡೆ ಹಾಕಬೇಕು. 4ನೇ ಮರದಿಂದ ಹೊರುವವರಿಗೂ −4ನೇ ಮರದಿಂದ ಹೊರುವವರಿಗೂ ನಡಿಗೆ ಒಂದೇ, ನಾಲ್ಕು ಅಂತರ. ದಿಕ್ಕು ಬಿಟ್ಟು ದೂರವನ್ನಷ್ಟೇ ಎಣಿಸಿದರೆ ಅದೇ ನಿರಪೇಕ್ಷ ಮೌಲ್ಯ. ಮರದ ಸಂಖ್ಯೆಯನ್ನು ‘ಮ’ ಎಂದರೆ (ಪುಸ್ತಕದ ಎಕ್ಸ್ ಇದೇ) ದೂರ |ಮ|. ಮರಗಳನ್ನು ಅಡ್ಡಗೆರೆಯ ಮೇಲೆ, ದೂರವನ್ನು ಲಂಬಗೆರೆಯ ಮೇಲೆ ಗುರುತಿಸುತ್ತಾ ಹೋದರೆ ಸೊನ್ನೆಯಲ್ಲಿ ಬುಡ ಊರಿದ ಕವೆ ಮೂಡುತ್ತದೆ.

ಈಗ ಗುಡ್ಡೆಯನ್ನು 3ನೇ ಮರದಡಿಗೆ ಬದಲಿಸಿ. ದೂರ |ಮ − 3| ಆಗುತ್ತದೆ, ಕವೆ ಮೂರು ಮನೆ ಬಲಕ್ಕೆ ಸರಿಯುತ್ತದೆ. ಮಕ್ಕಳು ತಡವರಿಸುವುದು ಇಲ್ಲೇ. ಇರುವುದು ಕಳೆಯುವ ಚಿಹ್ನೆ, ಹೋಗುವುದು ಬಲಕ್ಕೆ! ‘ಒಳಗಿದ್ದರೆ ಉಲ್ಟಾ’ ಎಂದು ಬಾಯಿಪಾಠ ಮಾಡಿಸಿ ಮುಂದೆ ಹೋಗುವುದು ಮಕ್ಕಳಿಗೆ ಮಾಡುವ ಅನ್ಯಾಯ. ಗುಡ್ಡೆಯ ಪಕ್ಕದಲ್ಲೇ ನಿಂತವರು ಒಂದು ಹೆಜ್ಜೆಯನ್ನೂ ಇಡಬೇಕಿಲ್ಲ. ಕವೆಯ ಬುಡ ಇರುವುದು ಅಲ್ಲಿ. ಮ − 3 ಸೊನ್ನೆಯಾಗಬೇಕಾದರೆ ಮ 3 ಆಗಲೇಬೇಕು. ಕಳೆದದ್ದರ ಅರ್ಥ ಇಷ್ಟೇ: ಎಣಿಕೆ ಇನ್ನು ಮೂರನೇ ಮರದಿಂದ ಶುರು. 1ನೇ ಮರಕ್ಕೆ 2, 5ನೇ ಮರಕ್ಕೂ 2. ಗುಡ್ಡೆ −4ನೇ ಮರದಡಿ ಇದ್ದರೆ ಮ − (−4), ಅಂದರೆ |ಮ + 4|, ಕವೆ ಎಡಕ್ಕೆ.

ಕವೆ ಮೇಲೇರುವುದನ್ನು ತಿಳಿಯುವುದು ಸುಲಭ. ಕಾಯಿ ತುಂಬುವ ಅಟ್ಟ ಸಾಲಿನಲ್ಲಿಲ್ಲ, 3ನೇ ಮರದಿಂದ ಬದುವಿನ ಮೇಲೆ ಇನ್ನೂ ಎರಡು ಅಂತರ ಆಚೆಗಿದೆ. ನಡುವೆ ರಾಗಿ ಬಿತ್ತಿದೆ, ಅಡ್ಡ ಹಾಯುವಂತಿಲ್ಲ. ಯಾವ ಮರದಿಂದ ಹೊರಟರೂ ಆ ಎರಡು ತಪ್ಪದು: |ಮ − 3| + 2. ಕವೆ ಇದ್ದಂತೆಯೇ ಎರಡು ಮನೆ ಮೇಲೇಳುತ್ತದೆ.

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲೂ ಇದೇ ಕವೆ ಇದೆ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ 2023ರಲ್ಲಿ ಕ್ವಿಂಟಲ್‌ಗೆ 11,750 ರೂಪಾಯಿ, 2024ರಲ್ಲಿ 12,000. ಮಾರುಕಟ್ಟೆಯ ಧಾರಣೆ ‘ಧ’ ಅದರಿಂದ ಎಷ್ಟು ದೂರ ಎಂದು ಬರೆದರೆ ಮೊದಲು |ಧ − 11,750|, ಆಮೇಲೆ |ಧ − 12,000|. ಬೆಲೆ ಏರಿದ್ದರಿಂದ ಕವೆಯೂ ಮೇಲೇಳಬೇಕು ಅನ್ನಿಸುತ್ತದೆ. ಆದರೆ ಧಾರಣೆ ಇರುವುದು ಅಡ್ಡಗೆರೆಯ ಮೇಲೆ; ಹಾಗಾಗಿ ಬುಡ 250ರಷ್ಟು ಬಲಕ್ಕೆ ಸರಿಯಿತು, ಅಷ್ಟೇ. ಈ ಗ್ರಾಫ್ ಮುಚ್ಚಿಡುವುದೂ ಒಂದಿದೆ: ಧಾರಣೆ ಸಾವಿರ ಮೇಲಿದ್ದರೂ ಸಾವಿರ ಕೆಳಗಿದ್ದರೂ ಎತ್ತರ ಒಂದೇ. ತಿಂಗಳುಗಟ್ಟಲೆ ಅಟ್ಟದಲ್ಲಿ ಕಾಯಿ ಒಣಗಿಸಿ ಕಾದವರಿಗೆ ಅವೆರಡೂ ಒಂದಾಗುವುದು ಹೇಗೆ? ಅವರ ಲೆಕ್ಕಕ್ಕೆ ‘| |’ ಎಂಬ ಎರಡು ಗೆರೆಗಳನ್ನು ತೆಗೆದು ಬರಿಯ ಧ − 12,000 ಎಂದೇ ಬರೆಯಬೇಕು. ಧಾರಣೆ ಬಿದ್ದ ದಿನ ಋಣ ಚಿಹ್ನೆ ಅಲ್ಲಿ ಕಣ್ಣಿಗೆ ಬೀಳುತ್ತದೆ.