ಒಂಬತ್ತು ತಲೆ ಎತ್ತರದವರು ನಮ್ಮ ಕ್ಯಾಂಪಸ್ಸಿನಲ್ಲಿ ಯಾರೂ ಇಲ್ಲ

ಫೆಸ್ಟ್ ಹತ್ತಿರ ಬಂದ್ರೆ ಸಾಕು, ಫ್ಯಾಷನ್ ಶೋ ಟೀಮ್‌ಗಳಲ್ಲಿ ಸ್ಕೆಚ್ ಕೆಲಸ ಶುರುವಾಗುತ್ತೆ. ನಾವೇನು ಮಾಡ್ತೀವಿ? ಪಿಂಟರೆಸ್ಟ್ ತೆಗೆದು ಒಂದು ರೆಡಿಮೇಡ್ ಆಕೃತಿ ಹುಡುಕ್ತೀವಿ, ಟ್ರೇಸ್ ಮಾಡ್ತೀವಿ, ಅದರ ಮೇಲೆ ಲೆಹೆಂಗಾನೋ ಶೇರ್ವಾನಿನೋ ಬಿಡಿಸ್ತೀವಿ. ಈಗೀಗ ಅದೂ ಬೇಡ. ಎಐಗೆ ನಾಲ್ಕು ಸಾಲು ಟೈಪ್ ಮಾಡಿದರೆ ಹತ್ತು ಡಿಸೈನ್ ಬಂದು ಬೀಳುತ್ತೆ. ಚಿತ್ರಗಳು ಚೆನ್ನಾಗೇ ಇರುತ್ತವೆ. ಆದರೆ ಆ ಬಟ್ಟೆ ತೊಟ್ಟವರು ಕೂರಬಹುದಾ, ಮೆಟ್ಟಿಲು ಹತ್ತಬಹುದಾ, ಕೈ ಎತ್ತಬಹುದಾ ಅಂತ ಕೇಳಿದರೆ ಹಾಳೆ ಸುಮ್ಮನಿರುತ್ತೆ.

ಕಾರಣ ಸರಳ. ನಾವು ಬಿಡಿಸುತ್ತಿರುವುದು ಬಟ್ಟೆಯ ಚಿತ್ರದ ಚಿತ್ರವನ್ನು. ಸಾಮಾನ್ಯವಾಗಿ ಮನುಷ್ಯನ ಎತ್ತರ ಅವನ ತಲೆಯ ಉದ್ದದ ಸುಮಾರು ಏಳೂವರೆ ಪಟ್ಟು. ಫ್ಯಾಷನ್ ಸ್ಕೆಚ್‌ನಲ್ಲಿ ಅದು ಒಂಬತ್ತು ಪಟ್ಟು, ಕೆಲವೊಮ್ಮೆ ಹತ್ತು. ಜಾಸ್ತಿ ಸೇರಿಸಿದ ಉದ್ದದ ಬಹುಪಾಲು ಕಾಲಿಗೇ ಹೋಗುತ್ತೆ. ಬಟ್ಟೆಯ ಗೆರೆ ಎದ್ದು ಕಾಣಲಿ ಅಂತ ಮಾಡಿಕೊಂಡ ರೂಢಿ ಅದು, ತಪ್ಪೇನಿಲ್ಲ. ಆದರೆ ಅದೊಂದನ್ನೇ ನೋಡುತ್ತಾ ಕಲಿತವರಿಗೆ ಎದುರು ಬೆಂಚಿನಲ್ಲಿ ಕೂತಿರುವ ಗೆಳತಿಯ ಮೈ ‘ಪ್ರಪೋರ್ಷನ್ ಸರಿಯಿಲ್ಲ’ ಅನ್ನಿಸೋಕೆ ಶುರುವಾಗುತ್ತೆ. ಕನ್ನಡಿಯಲ್ಲಿ ಕಾಣುವ ತಮ್ಮ ಮೈ ಕೂಡ.

ಇದಕ್ಕೆ ನಮಗೆ ಗೊತ್ತಿರುವ ಒಳ್ಳೆಯ ಮದ್ದು ಒಂದೇ: ಜೀವಂತ ಮನುಷ್ಯರನ್ನು ಎದುರಿಗೆ ನಿಲ್ಲಿಸಿಕೊಂಡು ಬಿಡಿಸುವುದು. ಲೈವ್ ಮಾಡೆಲ್ ಅಂದ ಕೂಡಲೇ ಕೆಲವರು ಮುಸಿಮುಸಿ ನಗ್ತಾರೆ. ನಗಲಿ ಬಿಡಿ. ಫ್ಯಾಷನ್ ಸ್ಕೆಚ್‌ಗೆ ಮಾಡೆಲ್ ಬಟ್ಟೆ ಹಾಕಿಕೊಂಡೇ ಇರಬೇಕು, ಬಟ್ಟೆಯೇ ಅಲ್ಲಿನ ವಿಷಯ.

ಒಂದು ನಿಮಿಷದ ಪೋಸ್ ಬಿಡಿಸಿ ನೋಡಿ. ಮುಖ, ಗುಂಡಿ, ಕಸೂತಿ ಯಾವುದಕ್ಕೂ ಟೈಮ್ ಸಿಗಲ್ಲ. ಭಾರ ಯಾವ ಕಾಲಿನ ಮೇಲಿದೆ ಅನ್ನುವುದನ್ನು ಮಾತ್ರ ಹಿಡಿಯಬಹುದು. ಒಂಟಿ ಕಾಲಿಗೆ ಭಾರ ಕೊಟ್ಟು ನಿಂತಾಗ ಕತ್ತಿನ ಬುಡದ ಗುಂಡಿಯಿಂದ ತೂಗುಗುಂಡಿನ ದಾರ ಬಿಟ್ಟರೆ ಅದು ಆ ಪಾದದ ಹತ್ತಿರವೇ ಇಳಿಯುತ್ತೆ. ಆ ಕಡೆಯ ಸೊಂಟ ಮೇಲೇಳುತ್ತೆ, ಭುಜ ಕೆಳಗಿಳಿಯುತ್ತೆ. ಫಸ್ಟ್ ಇಯರ್ ಮೆಕ್ಯಾನಿಕ್ಸ್‌ನಲ್ಲಿ ಫ್ರೀ ಬಾಡಿ ಡಯಾಗ್ರಾಂ ಬಿಡಿಸಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಚೌಕದ ಡಬ್ಬಿ ಇತ್ತು, ಇಲ್ಲಿ ಮನುಷ್ಯ ಇದ್ದಾನೆ.

ಇನ್ನು ಬಟ್ಟೆ. ನೇಯ್ದ ಬಟ್ಟೆ ಹಾಸು ಎಳೆಯುದ್ದಕ್ಕೂ ಹೊಕ್ಕು ಎಳೆಯುದ್ದಕ್ಕೂ ಎಳೆದರೆ ಅಷ್ಟಾಗಿ ಜಗ್ಗಲ್ಲ. 45 ಡಿಗ್ರಿ ಓರೆಗೆ ಎಳೆದರೆ ಎಳೆಗಳ ನಡುವಿನ ಕೋನವೇ ಬದಲಾಗಿ ಮೈಗೆ ಅಂಟಿಕೊಂಡು ಇಳಿಯುತ್ತೆ. 1920ರ ದಶಕದಲ್ಲಿ ಪ್ಯಾರಿಸ್ಸಿನ ಮ್ಯಾಡಲೀನ್ ವಿಯೊನೆ ಹೆಸರಾದದ್ದು ಈ ಓರೆ ಕಟಿಂಗ್‌ನಿಂದಲೇ. ನೆರಿಗೆ ಎಲ್ಲಿ ಹುಟ್ಟುತ್ತೆ, ಯಾವ ಕಡೆ ಹರಿಯುತ್ತೆ, ಮೊಣಕೈ ಮಡಚಿದರೆ ಎಲ್ಲಿ ಕೂಡಿಕೊಳ್ಳುತ್ತೆ ಅನ್ನುವುದು ಎದುರಿಗಿರುವ ಮೈ ಅಲ್ಲಾಡಿದಾಗಲೇ ತಿಳಿಯುವುದು. ಕೊಡಗಿನ ಸೀರೆ ನೆನಪಿಸಿಕೊಳ್ಳಿ: ನೆರಿಗೆ ಇರುವುದು ಹಿಂದೆ. ಮುಂದಿನಿಂದ ತೆಗೆದ ಫೋಟೋ ಎಷ್ಟು ಝೂಮ್ ಮಾಡಿದರೂ ಅದು ಸಿಗಲ್ಲ. ಉಟ್ಟವರ ಸುತ್ತ ಒಂದು ಸುತ್ತು ಬರಬೇಕು.

ಈ ದಾರಿ ಹೊಸದಲ್ಲ. ವೋಗ್ ಪತ್ರಿಕೆಯ ಮುಖಪುಟಕ್ಕೆ ಮೊದಲ ಬಣ್ಣದ ಫೋಟೋ ಬಂದದ್ದು 1932ರಲ್ಲಿ. ಅದಕ್ಕೂ ಮುಂಚೆ ಅಲ್ಲಿ ಕಲಾವಿದರ ಕೈಬರಹದ್ದೇ ರಾಜ್ಯ. ನಂತರ ಫೋಟೋ ಗೆದ್ದಿತು. ಆದರೂ ಪೋರ್ಟೊರಿಕೊದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಆಂಟೋನಿಯೊ ಲೋಪೆಜ್ 1960ರ ದಶಕದಿಂದ ಮಾಡೆಲ್‌ಗಳನ್ನು ಎದುರಿಗಿಟ್ಟುಕೊಂಡೇ ಫ್ಯಾಷನ್ ಚಿತ್ರಕ್ಕೆ ಮತ್ತೆ ಜೀವ ಕೊಟ್ಟರು. ಅವರು ಬಿಡಿಸಿದವರಲ್ಲಿ ಪ್ಯಾಟ್ ಕ್ಲೀವ್‌ಲ್ಯಾಂಡ್, ಗ್ರೇಸ್ ಜೋನ್ಸ್ ಥರದ ಕಪ್ಪು ಹೆಣ್ಣುಮಕ್ಕಳಿದ್ದರು. 2005ರಲ್ಲಿ ಅದೇ ನ್ಯೂಯಾರ್ಕಿನಲ್ಲಿ ಮಾಲಿ ಕ್ರ್ಯಾಬ್ಯಾಪಲ್ ಅನ್ನುವ ಕಲಾವಿದೆ ‘ಡಾಕ್ಟರ್ ಸ್ಕೆಚೀಸ್’ ಶುರುಮಾಡಿದರು. ಆಕೆ ಸ್ವತಃ ಮಾಡೆಲ್ ಆಗಿ ನಿಂತು ಸಂಪಾದಿಸಿದವರು. ಬಿಳಿ ಗೋಡೆಯ ಕ್ಲಾಸಿನ ಬದಲು ಬಾರ್, ಮಾಡೆಲ್ ಮೈಮೇಲೆ ವೇಷಭೂಷಣ, ಯಾರು ಬೇಕಾದರೂ ಬಂದು ಬಿಡಿಸಬಹುದು. ಆ ಐಡಿಯಾ ಎಷ್ಟೋ ದೇಶಗಳ ಊರುಗಳಿಗೆ ಹಬ್ಬಿತು. ನಮಗೆ ಬಾರ್ ಬೇಡ, ‘ಯಾರು ಬೇಕಾದರೂ’ ಅನ್ನುವುದು ಬೇಕು.

ಯಾಕಂದ್ರೆ ಯಾರನ್ನು ನೋಡಿ ಬಿಡಿಸ್ತೀವೋ ಅವರಿಗೇ ಬಟ್ಟೆ ಆಗುತ್ತೆ. ಎಕ್ಸ್‌ಎಲ್ ತೊಡುವ ಗೆಳೆಯ ಒಂದು ದಿನ ನಿಲ್ಲಲಿ. ವೀಲ್‌ಚೇರ್‌ನಲ್ಲಿ ಓಡಾಡುವವರು ಒಪ್ಪಿದರೆ ಒಂದು ದಿನ ಅವರು ಬರಲಿ. ಕೂತ ಮೈಯಲ್ಲಿ ಕುರ್ತಾದ ಮುಂಭಾಗ ತೊಡೆಯ ಮೇಲೆ ಗುಡ್ಡೆಯಾಗುತ್ತೆ, ಪ್ಯಾಂಟಿನ ಜೇಬಿಗೆ ಕೈ ಹೋಗಲ್ಲ. ಇದು ಕೂಡ ಡಿಸೈನ್ ಪ್ರಾಬ್ಲಮ್ಮೇ, ನಾವು ಇಂಜಿನಿಯರಿಂಗ್ ಓದುತ್ತಿರುವುದು ಇಂಥವನ್ನು ಬಿಡಿಸೋಕೆ ತಾನೇ?

‘ಇಂಟರ್ನಲ್ಸ್ ನಡುವೆ ಟೈಮ್ ಎಲ್ಲಿದೆ?’ ಅಂತೀರಿ. ಲೆಕ್ಕ ಹಾಕಿ: ಒಂದು ನಿಮಿಷದ 10 ಪೋಸ್, ಎರಡು ನಿಮಿಷದ 5, ಐದು ನಿಮಿಷದ 4, ಕೊನೆಗೆ 20 ನಿಮಿಷದ ಒಂದು. ಒಟ್ಟು ಒಂದು ಗಂಟೆ. ತಿಂಗಳಿಗೆ ಎರಡು ಶನಿವಾರ ಸಾಕು. ಡ್ರಾಯಿಂಗ್ ಹಾಲ್ ಹೇಗೂ ಸಂಜೆ ಖಾಲಿ.

ನಿಯಮಗಳು ಮಾತ್ರ ಗಟ್ಟಿ ಇರಲಿ. ಫೋನ್ ಬ್ಯಾಗಿನಲ್ಲಿ, ಫೋಟೋ ಇಲ್ಲ. ಮಾಡೆಲ್ ಒಪ್ಪದೆ ಸ್ಕೆಚ್ ಇನ್‌ಸ್ಟಾಗ್ರಾಂಗೆ ಹೋಗಬಾರದು. ಮೈ ಬಗ್ಗೆ ಕಾಮೆಂಟ್ ಮಾಡಿದವರಿಗೆ ಬಾಗಿಲು. ಹುಡುಗಿಯರೇ ನಿಲ್ಲಬೇಕು ಅಂತಿಲ್ಲ, ಸರದಿ ಪ್ರಕಾರ ಎಲ್ಲರೂ. ಮೆಸ್ ಅಕ್ಕನನ್ನೋ ಸೆಕ್ಯೂರಿಟಿ ಅಣ್ಣನನ್ನೋ ಕರೆದರೆ ಆ ಗಂಟೆಗೆ ದುಡ್ಡು ಕೊಡಬೇಕು. 20 ನಿಮಿಷ ಅಲ್ಲಾಡದೆ ನಿಲ್ಲುವುದು ಬಿಟ್ಟಿ ಕೆಲಸವಲ್ಲ, ಬೇಕಾದರೆ ನಿಂತು ನೋಡಿ.

ಹೈಸ್ಕೂಲಿನ ರಫ್ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಫ್ರಾಕ್ ತೊಟ್ಟ ಗೊಂಬೆ ಬಿಡಿಸಿದವರು ನಮ್ಮಲ್ಲಿ ಕಮ್ಮಿ ಇಲ್ಲ. ಪಿಯುಸಿ, ಸಿಇಟಿ ಅಂತ ಆ ಪುಟ ಮುಚ್ಚಿಹೋಯ್ತು. ಮತ್ತೆ ತೆರೆಯೋಕೆ ಒಂದು ಸ್ಟೂಲು, ನಾಲ್ಕು ಹಾಳೆ, ಒಂದು 4ಬಿ ಪೆನ್ಸಿಲ್ ಸಾಕು. ರಬ್ಬರ್ ಬೇಡ. ಒಂದು ನಿಮಿಷದಲ್ಲಿ ಅಳಿಸೋಕೆ ಪುರುಸೊತ್ತು ಸಿಗಲ್ಲ, ನೋಡೋಕಷ್ಟೇ ಸಿಗುತ್ತೆ.